ಪಂಪಣ್ಣನೋ ಹಂಪಣ್ಣನೋ

ನಿಮ್ಮ ಪ್ರಶ್ನೆ ಓದಿ ನಗು ಬಂತು. ನಾಲ್ಕು ದಿನ ನಮ್ಮ ಕಂಪ್ಲಿ, ಗಂಗಾವತಿ, ಹೊಸಪೇಟೆ ಸುತ್ತಿದಿರಿ. ಆಟೋದವರು ಪಂಪಾಪತಿ, ಲಾಡ್ಜಿನವರು ಪಂಪಣ್ಣ, ಖಾನಾವಳಿಯಲ್ಲಿ ರೊಟ್ಟಿ ಬಡಿಸಿದವರು ಹಂಪಮ್ಮ. ‘ನಿಮ್ಮ ಕಡೆ ಆದಿಕವಿ ಪಂಪನ ಮೇಲೆ ಇಷ್ಟೊಂದು ಅಭಿಮಾನವಾ?’ ಅಂತ ಕೇಳಿದ್ದೀರಿ. ಹಾಗಿದ್ದಿದ್ದರೆ ನನಗೂ ಖುಷಿಯೇ. ಆದರೆ ಈ ಹೆಸರುಗಳು ಕವಿಯಿಂದ ಬಂದವಲ್ಲ.

ಪಂಪಾ ಅನ್ನೋದು ನಮ್ಮ ಹೊಳೆಯ ಹಳೆಯ ಹೆಸರು. ಈಗ ತುಂಗಭದ್ರೆ ಅಂತೀವಲ್ಲ, ಅದೇ. ದೇವಿಯ ಹೆಸರೂ ಹೌದು. ಬ್ರಹ್ಮನ ಮಗಳು ಪಂಪೆ ಇಲ್ಲಿನ ಹೇಮಕೂಟ ಬೆಟ್ಟದ ಹತ್ತಿರ ತಪಸ್ಸು ಮಾಡಿ ಶಿವನನ್ನು ಒಲಿಸಿಕೊಂಡಳು ಅನ್ನುತ್ತದೆ ಇಲ್ಲಿನ ಪುರಾಣ. ಅವಳ ಗಂಡ ಪಂಪಾಪತಿ, ಅಂದರೆ ಹಂಪಿಯ ವಿರೂಪಾಕ್ಷ. ಹೆಂಡತಿಯ ಊರಲ್ಲೇ ನೆಲೆ ನಿಂತು, ಹೆಂಡತಿಯ ಹೆಸರಿನಿಂದಲೇ ಕರೆಸಿಕೊಳ್ಳುವ ದೇವರು. ಒಂಥರಾ ಮನೆ ಅಳಿಯ ಅಲ್ವಾ! ಚಳಿಗಾಲದ ಫಲಪೂಜೆ ಇವರಿಬ್ಬರ ನಿಶ್ಚಿತಾರ್ಥ. ಮದುವೆ, ತೇರು ಎಲ್ಲಾ ಚೈತ್ರದಲ್ಲಿ. ಮಕ್ಕಳಾಗಲಿಲ್ಲ ಅಂತ ಹರಕೆ ಹೊತ್ತವರು, ಮನೆದೇವರೇ ಹಂಪಿಯಲ್ಲಿ ಇರುವವರು, ಹುಟ್ಟಿದ ಮಗುವಿಗೆ ಈ ಹೆಸರು ಇಡುತ್ತಾರೆ. ಗಂಡಾದರೆ ಪಂಪಾಪತಿ, ಪಂಪಣ್ಣ, ಹಂಪಯ್ಯ, ವಿರುಪಾಕ್ಷಿ, ವಿರುಪಣ್ಣ. ಹೆಣ್ಣಾದರೆ ಪಂಪಮ್ಮ, ಹಂಪಮ್ಮ. ಕೇಳೋಕೆ ಬೇರೆ ಬೇರೆ, ಇರೋದು ಒಂದೇ ದೇವರ ಮನೆ.

ಇನ್ನು ‘ಪ’ ಯಾಕೆ, ‘ಹ’ ಯಾಕೆ? ಇದನ್ನು ಅರ್ಥ ಮಾಡಿಕೊಳ್ಳೋಕೆ ಗಡಿಯಲ್ಲಿ ಇರಬೇಕು. ನಮ್ಮ ಓಣಿಯಲ್ಲಿ ಅರ್ಧ ಮನೆ ಕನ್ನಡ, ಅರ್ಧ ಮನೆ ತೆಲುಗು. ಬೆಳಿಗ್ಗೆ ಬಾಗಿಲಿಗೆ ಬರುವವನಿಗೆ ನಮ್ಮಮ್ಮ ಹಾಲು ಅಂದರೆ ಎದುರು ಮನೆಯ ಅತ್ತೆ ಪಾಲು ಅನ್ನುತ್ತಾರೆ. ನಮಗೆ ಹುಲಿ, ಅವರಿಗೆ ಪುಲಿ. ನಮಗೆ ಹಾವು, ಅವರಿಗೆ ಪಾಮು. ಹಳಗನ್ನಡದಲ್ಲಿ ನಾವೂ ‘ಪ’ ಅಂತಲೇ ಅನ್ನುತ್ತಿದ್ದೆವು. ಆಮೇಲೆ ಕನ್ನಡ ‘ಹ’ ಕಡೆ ಹೊರಳಿತು, ತೆಲುಗು ಹಳೆಯ ‘ಪ’ವನ್ನೇ ಉಳಿಸಿಕೊಂಡಿತು. ಹೆಸರು ಅನ್ನೋ ಮಾತು ಕೂಡ ಹಿಂದೆ ಪೆಸರ್ ಆಗಿತ್ತು. ತೆಲುಗಿನಲ್ಲಿ ಈಗಲೂ ಪೇರು. ಅದೇ ದಾರಿಯಲ್ಲಿ ಪಂಪೆ ಹಂಪೆಯಾಯಿತು, ಬಾಯಲ್ಲಿ ಹಂಪಿಯಾಯಿತು. ಪೂಜಾರಿಯ ಮಂತ್ರದಲ್ಲಿ, ಜನರ ಹೆಸರಿನಲ್ಲಿ ಮಾತ್ರ ಪಂಪಾ ಹಾಗೇ ಉಳಿಯಿತು. ಊರು ಬದಲಾಯಿತು, ದೇವರು ಬದಲಾಗಲಿಲ್ಲ.

ಇದರಿಂದ ಏನಾಗುತ್ತದೆ ಗೊತ್ತಾ? ನಮ್ಮ ದೊಡ್ಡಪ್ಪ ಪಹಣಿಯಲ್ಲಿ ಪಂಪಣ್ಣ, ಆಧಾರಿನಲ್ಲಿ ಹಂಪಣ್ಣ. ಬೆಳೆ ಪರಿಹಾರದ ದುಡ್ಡು ಬರುವ ಹೊತ್ತಿಗೆ ಇಬ್ಬರೂ ಬೇರೆ ಮನುಷ್ಯರಾಗಿಬಿಟ್ಟರು. ‘ಇಬ್ಬರೂ ನಾನೇ’ ಅಂತ ಅಫಿಡವಿಟ್ ಮಾಡಿಸಿ, ಮೂರು ಸಲ ಅಲೆದರು. ವಿಜಯನಗರದ ಅರಸರಿಗೆ ಈ ತಾಪತ್ರಯ ಇರಲಿಲ್ಲ. ಸಂಸ್ಕೃತದ ತಾಮ್ರಶಾಸನವಾದರೂ ಕೊನೆಗೆ ತಮ್ಮ ಹೆಸರು ಹಾಕದೆ ‘ಶ್ರೀ ವಿರೂಪಾಕ್ಷ’ ಅಂತ ಕನ್ನಡ ಅಕ್ಷರದಲ್ಲಿ ಅಂಕಿತ ಹಾಕಿಸುತ್ತಿದ್ದರು. ದೊಡ್ಡಪ್ಪನೂ ಹಾಗೇ ಮಾಡಿದ್ದರೆ ಕ್ಲಾರ್ಕ್ ಏನು ಅನ್ನುತ್ತಿದ್ದರೋ!

ಒಂದೇ ಊರಲ್ಲಿ ಇಷ್ಟು ಪಂಪಣ್ಣರಿದ್ದರೆ ಗುರುತು ಹಿಡಿಯೋದು ಹೇಗೆ ಅಂತಲೂ ಕೇಳಿದ್ದೀರಿ. ಸುಲಭ. ಅಂಗಡಿ ಪಂಪಣ್ಣ, ಕಟ್ಟಿಗೆ ಅಡ್ಡೆ ಪಂಪಣ್ಣ, ಉದ್ದನೆ ಪಂಪಣ್ಣ. ಬೋರಿನ ಮೋಟಾರು ರಿಪೇರಿ ಮಾಡುವವರೊಬ್ಬರಿದ್ದಾರೆ, ಅವರು ಪಂಪ್‌ಸೆಟ್ ಪಂಪಣ್ಣ.

ಇದು ನಮ್ಮ ಜಿಲ್ಲೆಯ ಸುದ್ದಿಯಾಯಿತು. ಆದರೆ ಕೇರಳದಲ್ಲೂ ಒಂದು ಪಂಪಾ ಇದೆ. ಶಬರಿಮಲೆ ಹತ್ತುವ ಮೊದಲು ಸ್ನಾನ ಮಾಡುತ್ತಾರಲ್ಲ, ಆ ನದಿ. ಇಲ್ಲಿಂದಲೂ ಮಾಲೆ ಹಾಕಿಕೊಂಡು ಜನ ಜಾಸ್ತಿ ಹೋಗುತ್ತಾರೆ. ನಮ್ಮ ತಮ್ಮ ಅಲ್ಲಿಂದ ಫೋನ್ ಮಾಡಿ, ‘ಪಂಪೆಯಲ್ಲಿ ಇದ್ದೀನಿ’ ಅಂದ. ಅಜ್ಜಿ, ‘ಹಂಪಿಗೆ ಹೋಗಿ ಬರೋಕೆ ಇವನಿಗೆ ನಾಲ್ಕು ದಿನ ಯಾಕೆ ಬೇಕು?’ ಅಂದಳು. ತಮಾಷೆ ಅಂದರೆ ಶಬರಿಯೂ ಎರಡೂ ಕಡೆ ಇದ್ದಾಳೆ. ಆನೆಗೊಂದಿ ಹತ್ತಿರ ಪಂಪಾ ಸರೋವರ ಇದೆ, ಪಕ್ಕದಲ್ಲೇ ಶಬರಿ ಗುಹೆ. ಹೊಳೆಯ ಎರಡೂ ದಂಡೆಯಲ್ಲಿ ಋಷ್ಯಮೂಕ, ಮತಂಗ, ಅಂಜನಾದ್ರಿ ಅಂತ ರಾಮಾಯಣದ ಬೆಟ್ಟಗಳೇ. ಕೇರಳದಲ್ಲಿಯೂ ಹೊಳೆಗೆ ಪಂಪಾ ಅಂತ ಹೆಸರು, ಬೆಟ್ಟಕ್ಕೆ ಶಬರಿಯ ಹೆಸರು. ಯಾವುದು ನಿಜವಾದದ್ದು ಅಂತ ಜಗಳ ತೆಗೆಯೋಕೆ ನಾನು ಬರೋದಿಲ್ಲ. ಕಥೆ ಹೋದ ಕಡೆ ಹೆಸರೂ ಹೋಗುತ್ತದೆ.

ಕವಿಯ ವಿಷಯಕ್ಕೆ ಬರುತ್ತೇನೆ, ಇಲ್ಲದಿದ್ದರೆ ನೀವು ಬಿಡೋದಿಲ್ಲ. ಪಂಪ ಜೈನ, 10ನೇ ಶತಮಾನದವ. ಆಶ್ರಯ ಕೊಟ್ಟವನು ವೇಮುಲವಾಡದ ಅರಸ ಅರಿಕೇಸರಿ. ಆ ಊರು ಈಗ ತೆಲಂಗಾಣದಲ್ಲಿದೆ. ಪಂಪನ ತಮ್ಮ ಜಿನವಲ್ಲಭ ಕರೀಂನಗರ ಕಡೆಯ ಕುರ್ಕ್ಯಾಲದಲ್ಲಿ ಬಂಡೆಯ ಮೇಲೆ ಶಾಸನ ಹಾಕಿಸಿದ. ಅದರಲ್ಲಿ ಸಂಸ್ಕೃತ, ಕನ್ನಡ, ತೆಲುಗು ಮೂರೂ ಇವೆ. ಅಂದರೆ ಅವರದ್ದೂ ನಮ್ಮ ಓಣಿಯಂಥದ್ದೇ ಮನೆ ಅನ್ನಿಸುತ್ತದೆ ನನಗೆ. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಕೊಡುವ ಗೌರವದ ಹೆಸರು ನಾಡೋಜ. ಅದು ಪಂಪನಿಗೆ ಸಲ್ಲುವ ಬಿರುದು. ಹಾಗೆ ನೋಡಿದರೆ ಕವಿ ಪಂಪನೂ ಕೊನೆಗೆ ಹಂಪಿಗೆ ಬಂದು ಸೇರಿಕೊಂಡ.

ಮುಂದಿನ ಸಲ ಬರುವಾಗ ಎರಡು ವಿಷಯ ನೆನಪಿಡಿ. ಪಂಪಾ ಸರೋವರ ಹಂಪಿ ದಂಡೆಯಲ್ಲಿಲ್ಲ, ಹೊಳೆಯಾಚೆ, ಕೊಪ್ಪಳ ಜಿಲ್ಲೆಯಲ್ಲಿ. ಹಂಪಿ ಇರೋದು ವಿಜಯನಗರ ಜಿಲ್ಲೆಯಲ್ಲಿ, 2021ರವರೆಗೆ ಅದು ನಮ್ಮ ಬಳ್ಳಾರಿಯದ್ದೇ ಆಗಿತ್ತು. ಹಾಗೇ, ಹಂಪಿ ಎಕ್ಸ್‌ಪ್ರೆಸ್ ಅಂತ ಹೆಸರು ನೋಡಿ ಹಂಪಿ ಬರಲಿ ಅಂತ ಕಾಯುತ್ತಾ ಕೂರಬೇಡಿ. ಅಲ್ಲಿ ರೈಲ್ವೆ ನಿಲ್ದಾಣವೇ ಇಲ್ಲ. ಹೊಸಪೇಟೆಯಲ್ಲಿ ಇಳಿಯಿರಿ. ಆಟೋ ಪಂಪಾಪತಿ ಅಲ್ಲೇ ಇರುತ್ತಾರೆ.