ರಾಮನ ಹನ್ನೊಂದು ಸಾವಿರ ವರ್ಷ

ರಾಮ ಮಾಯಾಜಿಂಕೆ ಮಾರೀಚನನ್ನು ಕೊಂದನೆನ್ನುವ, ತೀರ್ಥಹಳ್ಳಿ ಬಳಿಯ ಮೃಗವಧೆ ಎಂಬ ಊರಿಗೆ ಹೋಗಿ ಬಂದ ನಿಮ್ಮ ಮಗಳು ‘ರಾಮ 11,000 ವರ್ಷ ಆಳಿದ್ದು ಹೇಗೆ?’ ಎಂದು ಕೇಳಿದ್ದು ನ್ಯಾಯವಾಗಿಯೇ ಇದೆ. ನಮ್ಮ ಕೆಳದಿಯ ಅರಸ ಶಿವಪ್ಪ ನಾಯಕ ಆಳಿದ್ದು 15 ವರ್ಷ. ಕೆಳದಿಯ ಇಡೀ ವಂಶವೇ ಮೂರು ಶತಮಾನ ಮುಟ್ಟಲಿಲ್ಲ!

ವೇದವಾಕ್ಯಗಳ ಅರ್ಥ ನಿರ್ಣಯಿಸುತ್ತಿದ್ದ ಮೀಮಾಂಸಕರಿಗೂ ಇಂಥದೇ ತಲೆನೋವಿತ್ತು. ವೇದ ಹೇಳುವ ಸಾವಿರ ಸಂವತ್ಸರದ (ವರ್ಷದ) ಸತ್ರಯಾಗವನ್ನು, ಅಂದರೆ ದೀರ್ಘಕಾಲದ ಯಾಗವನ್ನು, ಯಾವ ಮನುಷ್ಯ ಮಾಡಿಯಾನು? ಅಲ್ಲಿ ಸಂವತ್ಸರವೆಂದರೆ ದಿನ ಎಂದು ತೀರ್ಮಾನಿಸಿದರು. ಅದೇ ಲೆಕ್ಕ ಹಿಡಿದರೆ ರಾಮರಾಜ್ಯ ಸುಮಾರು 30 ವರ್ಷ. ಆದರೆ 60,000 ವರ್ಷ ವಯಸ್ಸಿನ ದಶರಥ ಆಗಲೂ 164 ವರ್ಷಕ್ಕೆ ನಿಲ್ಲುತ್ತಾನೆ. ಮನುಸ್ಮೃತಿಯಂತೂ ಮೊದಲ ಯುಗವಾದ ಕೃತಯುಗದವರಿಗೇ 400 ವರ್ಷ ಆಯುಸ್ಸು ಕೊಟ್ಟು, ಯುಗಕ್ಕೆ ನೂರರಂತೆ ಕಡಿಮೆ ಮಾಡುತ್ತದೆ. ಇವನ್ನೆಲ್ಲ ಒಂದಕ್ಕೊಂದು ಹೊಂದಿಸಲು ಹೋಗಬೇಡಿ, ಹೊಂದುವುದಿಲ್ಲ. ಕಲಿಯುಗವೊಂದೇ 4,32,000 ವರ್ಷ ಎನ್ನುವ ಕಾಲಗಣನೆಯಲ್ಲಿ 11,000 ದೊಡ್ಡ ಸಂಖ್ಯೆಯೇನಲ್ಲ. ಮಗಳಿಗೆ ಮೊದಲು ಮನೆಪೂಜೆಯ ಆರಂಭದಲ್ಲಿ ಹೇಳುವ ಸಂಕಲ್ಪ ಮಂತ್ರವನ್ನು ಬಿಡಿಸಿ ಹೇಳಿ; ಕಲ್ಪ, ಮನ್ವಂತರ, ಯುಗ ಎಂಬ ಕಾಲದ ಅಳತೆಗಳೆಲ್ಲ ಅದರಲ್ಲೇ ಸಾಲಾಗಿ ಬರುತ್ತವೆ.