ನಾನ್‌ವರ್ಬಲ್ ಲರ್ನಿಂಗ್ ಡಿಸೆಬಿಲಿಟಿ ಇರುವವರ ದಿನನಿತ್ಯದ ಬದುಕು ಹೇಗಿರುತ್ತದೆ?

ಒಳ್ಳೆಯ ಅಂಕ ಪಡೆದು ಪದವಿ ಮುಗಿಸಿದ ನಿಮ್ಮ ತಮ್ಮನಿಗೆ ನಾನ್‌ವರ್ಬಲ್ ಲರ್ನಿಂಗ್ ಡಿಸೆಬಿಲಿಟಿ, ಅಂದರೆ ಎನ್‌ವಿಎಲ್‌ಡಿ ಇದೆಯೆಂದು ಮನಶ್ಶಾಸ್ತ್ರಜ್ಞರು ಹೇಳಿದ್ದಾರೆ. ಇಷ್ಟು ಚೆನ್ನಾಗಿ ಮಾತನಾಡುವವನು ಗೊತ್ತಿರುವ ಬೀದಿಯಲ್ಲೇ ದಾರಿ ತಪ್ಪುವುದೇಕೆ, ಬೈಕ್ ಕಲಿಯಲು ಏಕೆ ಆಗುತ್ತಿಲ್ಲ, ಇದು ವಾಸಿಯಾಗುತ್ತದೆಯೇ ಎಂದು ಕೇಳಿದ್ದೀರಿ. ನನಗೂ ಇದೇ ಇದೆ. ಮೂವತ್ತು ದಾಟಿದ ಮೇಲೆ ಪತ್ತೆಯಾಯಿತು. ಬೆಂಗಳೂರಿನಲ್ಲಿ ಅನುವಾದಕಿಯಾಗಿ ಕೆಲಸ ಮಾಡುತ್ತಿದ್ದೇನೆ. ಇದು ವಾಸಿಯಾಗುವಂಥದ್ದಲ್ಲ. ಆದರೆ ಇದನ್ನು ನಿಭಾಯಿಸುವ ಉಪಾಯಗಳಿವೆ, ಅವುಗಳಲ್ಲಿ ಬಹುಪಾಲು ನಿಮ್ಮ ತಮ್ಮನಿಗೆ ಈಗಾಗಲೇ ಇರುವ ಮಾತಿನ ಬಲದಿಂದಲೇ ಹುಟ್ಟುತ್ತವೆ.

ಇದು ಮಾತು ಬಾರದವರ ತೊಂದರೆಯಲ್ಲ. ಓದು, ಶಬ್ದಸಂಪತ್ತು, ಕಿವಿಯಿಂದ ಕೇಳಿದ್ದರ ನೆನಪು ಸಾಮಾನ್ಯವಾಗಿ ಚೆನ್ನಾಗಿಯೇ ಇರುತ್ತವೆ. ತೊಡಕಾಗುವುದು ಕಣ್ಣಿಗೆ ಕಂಡದ್ದರ ಆಕಾರ, ಅಂತರ, ದಿಕ್ಕು, ಜೋಡಣೆಗಳನ್ನು ಗ್ರಹಿಸುವಲ್ಲಿ. ಅಮೆರಿಕದ ಡೋರಿಸ್ ಜಾನ್ಸನ್ ಮತ್ತು ಹೆಲ್ಮರ್ ಮೈಕಲ್‌ಬಸ್ಟ್ 1967ರಲ್ಲೇ ಇದನ್ನು ವಿವರಿಸಿದರು. ಮುಂದೆ ಕೆನಡಾದ ಬೈರನ್ ರೋರ್ಕ್ ಇದರ ಮೂಲ ಮೆದುಳಿನ ಬಿಳಿ ದ್ರವ್ಯದಲ್ಲಿ, ಅಂದರೆ ಮೆದುಳಿನ ಭಾಗಗಳನ್ನು ಬೆಸೆಯುವ ನರತಂತುಗಳಲ್ಲಿ ಇದೆ ಎಂದು ವಾದಿಸಿದರು. ಇಷ್ಟಾದರೂ 2013ರಲ್ಲಿ ಬಂದ, ಮಾನಸಿಕ ತೊಂದರೆಗಳನ್ನು ಗುರುತಿಸಲು ವೈದ್ಯರು ಬಳಸುವ ಅಮೆರಿಕದ ಡಿಎಸ್‌ಎಂ-5 ಕೈಪಿಡಿಯಲ್ಲಿ ಇದಕ್ಕೆ ಸ್ಥಾನ ಸಿಗಲಿಲ್ಲ. ಉತ್ತರ ಅಮೆರಿಕದ ಮಕ್ಕಳಲ್ಲಿ ಶೇ. 3ರಿಂದ 4ರಷ್ಟು ಮಂದಿಗೆ ಇದು ಇರಬಹುದೆಂದು 2020ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜಿಸಿತು. ಇಷ್ಟು ಜನರಿಗೆ ಇರಬಹುದಾದ ತೊಂದರೆಯೊಂದು ಕೈಪಿಡಿಯಿಂದ ಹೊರಗುಳಿದಿರುವುದು ನನ್ನ ಮಟ್ಟಿಗೆ ಅನ್ಯಾಯ.

ನನಗೆ ಪರೀಕ್ಷೆ ಮಾಡಿದವರು ಮೊದಲು ಪದಗಳ ಅರ್ಥ ಕೇಳಿದರು. ಅವರ ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಬಾಯಿಗೆ ಬರುತ್ತಿತ್ತು. ಅನಂತರ ಕೆಂಪು-ಬಿಳಿ ಬ್ಲಾಕ್‌ಗಳನ್ನು ಮುಂದಿಟ್ಟು, ಚಿತ್ರದಲ್ಲಿರುವ ವಿನ್ಯಾಸದಂತೆ ಜೋಡಿಸಲು ಹೇಳಿದರು. ಕೆಲವು ಮುಖಗಳು ಪೂರ್ತಿ ಕೆಂಪು, ಕೆಲವು ಪೂರ್ತಿ ಬಿಳಿ, ಇನ್ನು ಕೆಲವು ಮೂಲೆಯಿಂದ ಮೂಲೆಗೆ ಸೀಳಿದಂತೆ ಅರ್ಧ ಕೆಂಪು, ಅರ್ಧ ಬಿಳಿ. ಈ ಅರ್ಧ ಬಣ್ಣದ ಮುಖವನ್ನು ಯಾವ ಕಡೆಗೆ ತಿರುಗಿಸಿದರೆ ಚಿತ್ರದಲ್ಲಿರುವ ತುದಿ ಮೂಡುತ್ತದೆ ಎಂಬುದು ನನಗೆ ನೋಡಿದರೆ ಹೊಳೆಯುವುದಿಲ್ಲ. ಒಂದೊಂದನ್ನೂ ನಾಲ್ಕು ಕಡೆಗೂ ತಿರುಗಿಸಿ ಪರೀಕ್ಷಿಸುವಷ್ಟರಲ್ಲಿ ಸಮಯ ಮುಗಿದುಹೋಗುತ್ತಿತ್ತು. ಇವೆರಡೂ ಬಗೆಯ ಅಂಕಗಳನ್ನು ಕೂಡಿಸಿ ಒಂದೇ ಐಕ್ಯೂ ಹೇಳಿಬಿಟ್ಟರೆ ನಡುವಿನ ಕಂದಕ ಯಾರಿಗೂ ಕಾಣುವುದಿಲ್ಲ. ಆದ್ದರಿಂದ ನಿಮ್ಮ ತಮ್ಮನ ವರದಿಯಲ್ಲಿ ಅವುಗಳನ್ನು ಬೇರೆಬೇರೆಯಾಗಿ ಬರೆಸಿಕೊಳ್ಳಿ.

ಮನೆಯಲ್ಲಿ ಇದು ತೀರ ಸಣ್ಣ ಕೆಲಸಗಳಲ್ಲಿ ಕಾಣಿಸಿಕೊಳ್ಳುತ್ತದೆ. ಮಿಕ್ಕ ಸಾರು ಯಾವ ಡಬ್ಬಿಗೆ ಹಿಡಿಸುತ್ತದೆ ಎಂಬುದು ಸುರಿಯುವವರೆಗೂ ತಿಳಿಯುವುದಿಲ್ಲ. ಬೆಡ್‌ಶೀಟ್ ಮಡಿಸುವಾಗ ಯಾವ ಅಂಚು ಯಾವುದಕ್ಕೆ ಸೇರಬೇಕೆಂದು ನಿಂತು ಯೋಚಿಸಬೇಕು. ಶಾಲೆಯಲ್ಲಿ ರೇಖಾಗಣಿತದ ಪ್ರಮೇಯವನ್ನು ಸಾಧನೆಯ ಸಮೇತ ಬಾಯಿಪಾಠ ಒಪ್ಪಿಸುತ್ತಿದ್ದೆ, ಅದರ ಚಿತ್ರ ಬರೆಯಲು ಮಾತ್ರ ಬರುತ್ತಿರಲಿಲ್ಲ; ಇಷ್ಟು ಬಲ್ಲವಳು ಬೇಕೆಂದೇ ಅಸಡ್ಡೆ ಮಾಡುತ್ತಿದ್ದಾಳೆ ಎಂದು ಬೈಸಿಕೊಂಡೆ. ನಿಮ್ಮ ತಮ್ಮನೂ ಇಂಥ ಮಾತುಗಳನ್ನು ಕೇಳಿರುತ್ತಾನೆ. ದಯವಿಟ್ಟು ಆ ಬಗ್ಗೆ ಅವನೊಂದಿಗೆ ಮಾತನಾಡಿ, ಏಕೆಂದರೆ ಸೋಮಾರಿ ಎಂಬ ಹಣೆಪಟ್ಟಿ ಎನ್‌ವಿಎಲ್‌ಡಿಗಿಂತ ಹೆಚ್ಚು ನೋಯಿಸುತ್ತದೆ.

ನನಗೆ ನಿಜವಾಗಿ ನೆರವಾದದ್ದು, ಕಣ್ಣಿನಿಂದ ಆಗದ ಕೆಲಸವನ್ನು ಮಾತಿಗೆ ತಂದುಕೊಳ್ಳುವ ಅಭ್ಯಾಸ. ಅಮ್ಮ ಚುಕ್ಕಿ ರಂಗೋಲಿಯ ಎಳೆಯನ್ನು ನೋಡಿದೊಡನೆ ಎಳೆಯುತ್ತಾರೆ. ನಾನು 'ಮೊದಲ ಚುಕ್ಕಿಯ ಎಡಕ್ಕೆ, ಎರಡನೆಯದರ ಬಲಕ್ಕೆ, ಮೂರನೆಯದನ್ನು ಸುತ್ತಿ ಹಿಂದಕ್ಕೆ' ಎಂದು ಹೇಳಿಕೊಳ್ಳುತ್ತಾ ಎಳೆಯುತ್ತೇನೆ, ನಿಧಾನವಾದರೂ ಮುಗಿಯುತ್ತದೆ. ದಾರಿಗೂ ಇದೇ ಕ್ರಮ. ನೇರಳೆ ಮತ್ತು ಹಸಿರು ಮಾರ್ಗಗಳು ಸೇರುವ ಮೆಜೆಸ್ಟಿಕ್ ಮೆಟ್ರೊ ನಿಲ್ದಾಣದಲ್ಲಿ ನೆಲದಡಿಗೆ ಇಳಿದರೆ ನನಗೆ ದಿಕ್ಕೇ ಉಳಿಯುವುದಿಲ್ಲ, ಹಾಗಾಗಿ ಬಂದ ದಿಕ್ಕನ್ನು ನೆನಪಿಡಲು ಹೋಗದೆ ಹತ್ತಬೇಕಾದ ರೈಲಿನ ಕೊನೆಯ ನಿಲ್ದಾಣದ ಹೆಸರನ್ನು ಮೊದಲೇ ಬರೆದಿಟ್ಟುಕೊಂಡು ಫಲಕಗಳನ್ನು ಓದುತ್ತಾ ಹೋಗುತ್ತೇನೆ. ಮೊಬೈಲ್‌ನ ನಕ್ಷೆಯನ್ನು ನೋಡುವುದಕ್ಕಿಂತ ಅದರ ದನಿಯನ್ನು ಕೇಳುವುದು ಲೇಸು. ಒಂದು ವಿಷಯ ಮನೆಯವರಿಗೆ ತಿಳಿದಿರಲಿ: ಹೋದ ದಾರಿಯಲ್ಲೇ ಹಿಂದಿರುಗುವುದು ನಮಗೆ ಹೊಸ ದಾರಿಯಿದ್ದಂತೆಯೇ, ಏಕೆಂದರೆ ತಿರುವುಗಳೆಲ್ಲ ಅದಲುಬದಲಾಗಿ, ಗುರುತಿನ ಅಂಗಡಿಗಳು ಬೇರೆ ಮಗ್ಗುಲಿನಿಂದ ಕಾಣುತ್ತವೆ. ಆದ್ದರಿಂದ ವಾಪಸಾತಿಯ ದಾರಿಯನ್ನು ಪ್ರತ್ಯೇಕವಾಗಿ ಬರೆದುಕೊಡಿ.

ಜನರೊಂದಿಗಿನ ಒಡನಾಟ ಇದಕ್ಕಿಂತ ಕಠಿಣ. ಮುಖಭಾವ ಮತ್ತು ದನಿಯ ಏರಿಳಿತದಲ್ಲಿ ಅಡಗಿರುವುದು ನಮಗೆ ತಡವಾಗಿ ತಲುಪುತ್ತದೆ, ಕೆಲವೊಮ್ಮೆ ತಲುಪುವುದೇ ಇಲ್ಲ. ನಮ್ಮ ಕಡೆ ಯಾರೂ 'ಆಗುವುದಿಲ್ಲ' ಎಂದು ನೇರವಾಗಿ ಹೇಳುವುದೂ ಇಲ್ಲ. 'ನೋಡೋಣ ಬಿಡಿ' ಎಂದವರನ್ನು ನಂಬಿ ಕಾದಿದ್ದೇನೆ, 'ಊಟ ಮಾಡಿಕೊಂಡೇ ಹೋಗಿ' ಎಂಬ ಉಪಚಾರಕ್ಕೆ ಕುಳಿತೇಬಿಟ್ಟಿದ್ದೇನೆ. ಈಗ ಆಪ್ತರಲ್ಲಿ ಬಾಯಿಬಿಟ್ಟು ಕೇಳುತ್ತೇನೆ: ಇದು ಒಪ್ಪಿಗೆಯೋ, ಸೌಜನ್ಯವೋ? ನೀವೂ ಅವನಿಗೆ ಸನ್ನೆ ಮಾಡಬೇಡಿ, ಕಣ್ಣುಬಿಟ್ಟು ಗದರಬೇಡಿ, ಮಾತಿನಲ್ಲಿ ಹೇಳಿ. ಹೀಗಿರುವವರೆಲ್ಲರಿಗೂ ಆಟಿಸಂ ಇದೆಯೆಂದು ತಿಳಿಯಬಾರದು; ಎರಡೂ ಹೋಲುತ್ತವೆ, ಒಂದೇ ಅಲ್ಲ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಪಟ್ಟಿ ಮಾಡಿದ 21 ನ್ಯೂನತೆಗಳಲ್ಲಿ ಎನ್‌ವಿಎಲ್‌ಡಿಯ ಹೆಸರಿಲ್ಲ, ಆದರೆ ನಿರ್ದಿಷ್ಟ ಕಲಿಕಾ ನ್ಯೂನತೆಯ ವ್ಯಾಖ್ಯೆಯಲ್ಲಿ ಗ್ರಹಿಕೆಯ ನ್ಯೂನತೆ, ಡಿಸ್‌ಕ್ಯಾಲ್ಕ್ಯುಲಿಯಾ (ಲೆಕ್ಕದ ತೊಡಕು), ಡಿಸ್‌ಪ್ರಾಕ್ಸಿಯಾ (ಕೈಕಾಲುಗಳ ಚಲನೆಯನ್ನು ಹೊಂದಿಸಿಕೊಳ್ಳುವ ತೊಡಕು) ಸೇರಿವೆ. ಅಂಗವೈಕಲ್ಯ ಪ್ರಮಾಣಪತ್ರದ ಯೋಚನೆಯಿದ್ದರೆ ಅವನ ಗಣಿತದ ಮತ್ತು ಬರವಣಿಗೆಯ ತೊಂದರೆಗಳನ್ನು ಪ್ರತ್ಯೇಕವಾಗಿ ಅಳೆಯಿಸುವುದು ಒಳ್ಳೆಯದು.

ಇನ್ನು ಬೈಕ್. ಎದುರಿನ ಲಾರಿ ಎಷ್ಟು ದೂರದಲ್ಲಿದೆ, ಎರಡು ವಾಹನಗಳ ನಡುವೆ ನುಸುಳಲು ಜಾಗವಿದೆಯೇ ಎಂಬ ಅಂದಾಜು ಕ್ಷಣದಲ್ಲಿ ಆಗಬೇಕು, ಅದನ್ನು ಮಾತಿಗೆ ತಂದುಕೊಳ್ಳಲು ಅಲ್ಲಿ ಸಮಯವಿರುವುದಿಲ್ಲ. ಕಲಿಯುವ ಆಸೆ ಅವನದೇ ಆಗಿದ್ದರೆ ಖಾಲಿ ಬಡಾವಣೆಯ ರಸ್ತೆಯಲ್ಲಿ ಗೇರ್ ಇಲ್ಲದ ಸ್ಕೂಟರಿನಿಂದ ಶುರುಮಾಡಲಿ. ಆಸೆ ಮನೆಯವರದಾಗಿದ್ದರೆ ಬಿಟ್ಟುಬಿಡಿ. ನಾನು ಬಸ್ಸು, ಮೆಟ್ರೊ, ಆಟೊಗಳಲ್ಲೇ ಓಡಾಡುತ್ತೇನೆ, ಅದರಿಂದ ನನ್ನ ಕೆಲಸ ಯಾವುದೂ ನಿಂತಿಲ್ಲ.