ಬೋರ್ ಪಕ್ಕ ಬೋರ್ ಹಾಕಿದರೆ ಎಣ್ಣೆ ಹೆಚ್ಚುತ್ತಾ?

ಪ್ರಶ್ನೆ: ನಮ್ಮ ಹೊಲ ರಾಣೆಬೆನ್ನೂರು ಹತ್ತಿರ. ಪಕ್ಕದ ಹೊಲದವರು ಬೋರ್ ಹಾಕಿಸಿದ ಮೇಲೆ ನಮ್ಮ ಬೋರಿನ ನೀರು ಅರ್ಧಕ್ಕೆ ಇಳಿದಿದೆ. ಹಳೆಯ ತೈಲ ಬಾವಿಗಳ ನಡುವೆ ಹೊಸ ಬಾವಿ ಕೊರೆದು ಜಾಸ್ತಿ ಎಣ್ಣೆ ತೆಗೆಯುತ್ತಾರೆ ಅಂತ ಓದಿದೆ. ಅಲ್ಲೂ ಒಂದರ ಪಾಲನ್ನು ಇನ್ನೊಂದು ಕಸಿಯೋದಿಲ್ವಾ?
– ಒಬ್ಬ ರೈತ, ಹಾವೇರಿ ಜಿಲ್ಲೆ

ಉತ್ತರ: ಎಷ್ಟೋ ಸಲ ಕಸಿಯುತ್ತದೆ. ನಿಮ್ಮ ಅನುಮಾನ ಸರಿಯಾಗೇ ಇದೆ. ಅಮೆರಿಕದ ಟೆಕ್ಸಾಸ್‌ನಲ್ಲಿ 1901ರಲ್ಲಿ ಸ್ಪಿಂಡಲ್‌ಟಾಪ್ ಅನ್ನೋ ಕಡೆ ಎಣ್ಣೆ ಚಿಮ್ಮಿತು. ಯಾರು ಮೊದಲು ಎತ್ತಿದರೆ ಅವರದೇ ಎಣ್ಣೆ ಅನ್ನೋ ಕಾನೂನು ಅಲ್ಲಿ, ಹಾಗಾಗಿ ಎಲ್ಲರೂ ಒಬ್ಬರ ಪಕ್ಕ ಒಬ್ಬರು ಬಾವಿ ಕೊರೆದರು, ಕೆಲವೇ ವರ್ಷಗಳಲ್ಲಿ ನೆಲದೊಳಗಿನ ಒತ್ತಡ ಬಿದ್ದುಹೋಗಿ ಉತ್ಪಾದನೆಯೂ ಕುಸಿಯಿತು. ಮುಂದೆ ಟೆಕ್ಸಾಸ್‌ನಲ್ಲಿ ಒಂದು ಬಾವಿಗೆ 40 ಎಕರೆ ಅನ್ನೋ ಲೆಕ್ಕ ರೂಢಿಗೆ ಬಂತು.

ಆದರೆ ಅಲ್ಲಿನ ಕೆಲವು ಹಳೆಯ ಕ್ಷೇತ್ರಗಳಲ್ಲಿ ಅದೇ ಅಂತರವನ್ನು 20 ಎಕರೆಗೆ, 10 ಎಕರೆಗೆ ಇಳಿಸಿದ್ದೂ ಇದೆ. ಯಾಕೆ? ನೆಲದೊಳಗೆ ಎಣ್ಣೆಯ ಕೆರೆ ಇರುವುದಿಲ್ಲ. ಕಲ್ಲಿನ ಸಣ್ಣ ಸಣ್ಣ ರಂಧ್ರಗಳಲ್ಲಿ ಎಣ್ಣೆ ಕೂತಿರುತ್ತದೆ, ಅರಬ್ಬಿ ಸಮುದ್ರದಲ್ಲಿರುವ ನಮ್ಮ ಮುಂಬೈ ಹೈ ತೈಲ ಕ್ಷೇತ್ರದಲ್ಲಿ ಅದು ಸುಣ್ಣದಕಲ್ಲು. ಆ ಕಲ್ಲು ಎಲ್ಲ ಕಡೆ ಒಂದೇ ಥರ ಇರಲ್ಲ. ನಮ್ಮ ಕಡೆ 50 ಅಡಿ ದೂರದ ಎರಡು ಬೋರಿನಲ್ಲಿ ಒಂದಕ್ಕೆ ನೀರು ಸಿಕ್ಕಿ ಇನ್ನೊಂದು ಫೇಲ್ ಆಗುತ್ತಲ್ಲ, ಹಾಗೇ ಅಲ್ಲೂ ನಡುವೆ ಗಟ್ಟಿ ಪದರವೋ ಬಿರುಕೋ ಅಡ್ಡ ಬಂದು ಹಳೆಯ ಬಾವಿಗೆ ಮುಟ್ಟದ ಎಣ್ಣೆ ಉಳಿದಿರುತ್ತದೆ. ಒಂದು ಬಾವಿಯಿಂದ ನೀರು ಒತ್ತಿ ಇನ್ನೊಂದರ ಕಡೆಗೆ ಎಣ್ಣೆ ತಳ್ಳುವ ಪದ್ಧತಿಯೂ ಇದೆ. ಬಾವಿಗಳು ದೂರ ಇದ್ದರೆ ನೀರು ಸಲೀಸಾದ ದಾರಿ ಹಿಡಿದು ಹೋಗಿಬಿಡುತ್ತದೆ, ಬಿಗಿಯಾದ ಕಲ್ಲಿನ ಎಣ್ಣೆ ಅಲ್ಲೇ ಉಳಿಯುತ್ತದೆ. ಇಂಥ ಕಡೆ ಹತ್ತಿರದ ಬಾವಿ ನಿಜವಾಗಿಯೂ ಹೊಸ ಎಣ್ಣೆ ಕೊಡುತ್ತದೆ. ಕಲ್ಲು ಒಂದಕ್ಕೊಂದು ಚೆನ್ನಾಗಿ ಕೂಡಿಕೊಂಡಿದ್ದರೆ ಮಾತ್ರ, ನಾಳೆ ಬರಬೇಕಾದ ಎಣ್ಣೆ ಇವತ್ತೇ ಬರುತ್ತದೆ ಅಷ್ಟೇ. ಅದಕ್ಕೆ ದುಡ್ಡು ಸುರಿಯೋದು ತಪ್ಪು ಅಂತಲೇ ನನಗನ್ನಿಸುತ್ತದೆ.

ಈ ಎರಡರಲ್ಲಿ ಯಾವುದು ಅಂತ ತಿಳಿಯಲು ತೈಲ ಕಂಪನಿಯವರು ಹೊಸ ಬಾವಿಯ ಒತ್ತಡ ನೋಡುತ್ತಾರೆ. ಅದು ಆ ಕ್ಷೇತ್ರದಲ್ಲಿ ಎಣ್ಣೆ ತೆಗೆಯೋಕೆ ಮೊದಲು ಇದ್ದಷ್ಟೇ ಇದ್ದರೆ ಯಾರೂ ಮುಟ್ಟದ ಎಣ್ಣೆ. ಇನ್ನೊಂದು ದಾರಿ, ಒಂದು ಬಾವಿ ನಿಲ್ಲಿಸಿ ಪಕ್ಕದ್ದರಲ್ಲಿ ಒತ್ತಡ ಬದಲಾಗುತ್ತಾ ಅಂತ ಗಮನಿಸುವುದು. ಇದನ್ನು ನೀವೂ ಮಾಡಬಹುದು. ಪಕ್ಕದವರನ್ನು ಕೇಳಿ ಒಂದು ದಿನ ಅವರ ಮೋಟಾರ್ ಬಂದ್ ಮಾಡಿಸಿ, ನಿಮ್ಮದನ್ನೂ ನಿಲ್ಲಿಸಿ, ನಿಮ್ಮ ಬೋರಿನ ನೀರಿನ ಮಟ್ಟ ಅಳೆಯಿರಿ. ಮರುದಿನ ಅವರದು ಮಾತ್ರ ಓಡಲಿ, ಮತ್ತೆ ಅಳೆಯಿರಿ. ಮಟ್ಟ ಇಳಿದರೆ ಇಬ್ಬರದೂ ಒಂದೇ ಸೆಲೆ.